ಗಂಧ ಆರದ ಜಾಗ

ಬೆಳಗಿನ ಆರೂವರೆಗೆ ಅರಸೀಕೆರೆ ಜಂಕ್ಷನ್ನಿನಲ್ಲಿ ಇಳಿದಾಗ ಪ್ಲಾಟ್‌ಫಾರಂ ಮೇಲೆ ಮಂಜು ಇನ್ನೂ ಎದ್ದಿರಲಿಲ್ಲ. ಹಾಸನದ ಕಡೆ ಹೋಗುವವರು, ಹುಬ್ಬಳ್ಳಿಯ ಕಡೆ ಹೋಗುವವರು, ಬೆಂಗಳೂರಿಗೆ ಹೊರಟವರು ಕಂಬಳಿ ಹೊದ್ದು, ಚೀಲಗಳನ್ನೇ ದಿಂಬು ಮಾಡಿಕೊಂಡು ಅಲ್ಲಲ್ಲೇ ಒರಗಿದ್ದರು. ಹೊರಗೆ ಬಂದರೆ ತೆಂಗಿನಕಾಯಿ ತುಂಬಿದ ಲಾರಿಗಳು. ಎಲ್ಲೋ ಸಿಪ್ಪೆ ಸುಲಿಯುವ ಸದ್ದು. ಕೊಬ್ಬರಿಯ ಆ ಎಣ್ಣೆಗಂಪು ಈ ಊರಿನ ಗಾಳಿಯಲ್ಲಿ ಸದಾ ಇರುತ್ತದೆ. ಇಲ್ಲಿಯವರಿಗೆ ಅದು ಗೊತ್ತಾಗುವುದಿಲ್ಲ, ಬೇರೆ ಊರಿನಿಂದ ಬಂದವರಿಗೆ ಮೊದಲ ಉಸಿರಿಗೇ ಗೊತ್ತಾಗುತ್ತದೆ.

ಆಟೋ ಸ್ಟ್ಯಾಂಡಿನ ಪಕ್ಕದಲ್ಲಿ ಕಾರಿನ ಡಿಕ್ಕಿ ತೆರೆದುಕೊಂಡು ಡಾಕ್ಟ್ರಮ್ಮ ನಿಂತಿದ್ದರು. ಐವತ್ತೈದರ ಆಸುಪಾಸು, ಹತ್ತಿ ಸೀರೆ, ಅದರ ಕೆಳಗೆ ಕ್ಯಾನ್ವಾಸ್ ಶೂ. ಡಿಕ್ಕಿಯಲ್ಲಿ ಒಂದು ಪ್ಲಾಸ್ಟಿಕ್ ಬಕೆಟ್, ಎರಡು ಕ್ಯಾನು ನೀರು, ಕೆಂಪು ಬಣ್ಣದ ಪುಡಿಯ ಡಬ್ಬಿ, ಮಡಿಸಿಟ್ಟ ಪಾರದರ್ಶಕ ಹಾಳೆಗಳ ಕಟ್ಟು. ಒಂದು ಮೂಲೆಯಲ್ಲಿ ಟವೆಲಿನಲ್ಲಿ ಸುತ್ತಿದ ಎರಡು ಕೂಸುಗಳು. ಕ್ಷಣಕಾಲ ಎದೆ ಧಸಕ್ಕೆಂದಿತು. ಗೊಂಬೆಗಳು.

"ಹೆಸರು ಬರೀಬೇಡಿ ಕಣ್ರೀ," ಎಂದು ಅವರು ಮೊದಲೇ ಹೇಳಿದರು. "ನಾನು ಮಾಡೋದನ್ನ ನೂರು ಊರಲ್ಲಿ ನೂರು ಜನ ಮಾಡ್ತಿದಾರೆ. ಕೆಲಸ ಬರೀರಿ."

ಅವರು ಪ್ರಸೂತಿ ತಜ್ಞೆ. ಮೈಸೂರಿನ ಚೆಲುವಾಂಬ ಆಸ್ಪತ್ರೆಯ ವಾರ್ಡುಗಳಲ್ಲಿ ಹೆರಿಗೆ ಮಾಡಿಸುವುದನ್ನು ಕಲಿತು, ಮೂವತ್ತು ವರ್ಷಗಳ ಹಿಂದೆ ಈ ಸೀಮೆಗೆ ಬಂದು ನೆಲೆಸಿದವರು. ಭಾನುವಾರಗಳಲ್ಲಿ ಅವರಿಗೆ ಇನ್ನೊಂದು ಕೆಲಸವಿದೆ. ವೈದ್ಯರ ಸಂಘದ ಪರವಾಗಿ ಸುತ್ತಲಿನ ಊರುಗಳ ಡಾಕ್ಟರುಗಳಿಗೆ, ನರ್ಸುಗಳಿಗೆ ಹೆರಿಗೆ ಕೋಣೆಯ ತುರ್ತುಗಳನ್ನು ಕಲಿಸುವುದು. ಅವತ್ತಿನ ತರಬೇತಿ ಬೇಲೂರಿನಲ್ಲಿತ್ತು.

ಜಾವಗಲ್ ಮೇಲಾಸಿ ಹೊರಟೆವು. ಊರು ದಾಟುತ್ತಲೇ ತೆಂಗಿನ ತೋಟಗಳು, ನಡುನಡುವೆ ಬರಡು ದಿಣ್ಣೆಗಳು, ಕೊಯ್ಲಾದ ರಾಗಿ ಹೊಲಗಳಲ್ಲಿ ಎದ್ದ ಮೆದೆಗಳು. ಅರಸೀಕೆರೆ ಮಳೆ ಕಡಿಮೆಯ ಬಯಲು. ಬೇಲೂರು ಮಲೆನಾಡಿನ ಹೊಸ್ತಿಲು. ಒಂದೂವರೆ ಗಂಟೆಯ ದಾರಿಯಲ್ಲಿ ನೆಲದ ಬಣ್ಣ, ಗಾಳಿಯ ತೇವ ಎರಡೂ ಬದಲಾಗುತ್ತವೆ.

"ಎಂಡಿ ಮುಗಿಸೋವಾಗ ಸುತ್ತ ಹತ್ತು ಜನ ಇರ್ತಾರೆ," ಅವರು ಗೇರು ಬದಲಿಸುತ್ತ ಹೇಳಿದರು. "ಪ್ರೊಫೆಸರು, ಅಸಿಸ್ಟೆಂಟು, ಸೀನಿಯರು, ಅರಿವಳಿಕೆಯವರು, ಮಕ್ಕಳ ಡಾಕ್ಟರು. ಕೈ ತಪ್ಪಿದರೆ ಹಿಡಿಯೋರು ಇರ್ತಾರೆ, ಬಯ್ಯೋರೂ ಇರ್ತಾರೆ. ಈ ಕಡೆ ಬಂದ ಮೇಲೆ ರಾತ್ರಿ ಎರಡು ಗಂಟೆಗೆ ನಾನು, ಒಬ್ಬ ಸಿಸ್ಟರು, ಒಬ್ಬ ಆಯಾ. ತಜ್ಞೆ ಅಂತ ಬೋರ್ಡಿದೆ. ಸರಿ ಮಾಡಿದ್ನಾ ತಪ್ಪು ಮಾಡಿದ್ನಾ ಹೇಳೋರು ಯಾರು? ಒಂದು ತಪ್ಪನ್ನ ಇಪ್ಪತ್ತು ವರ್ಷ ಮಾಡ್ತಾ ಇದ್ರೆ ಅದನ್ನೇ ಜನ ಅನುಭವ ಅಂತಾರೆ."

ಈ ಮಾತು ಆ ದಿನವಿಡೀ ನನ್ನ ಜೊತೆಗಿತ್ತು. ತಜ್ಞರ ಕೊರತೆಯ ಬಗ್ಗೆ ನಾವು ಸಾಕಷ್ಟು ಮಾತಾಡುತ್ತೇವೆ. ಇರುವ ತಜ್ಞರ ಒಂಟಿತನದ ಬಗ್ಗೆ ಯಾರೂ ಮಾತಾಡುವುದಿಲ್ಲ. ಪದವಿಯ ದಿನ ಕಲಿತದ್ದು ಅಲ್ಲಿಗೇ ನಿಂತುಬಿಡುವ ಅಪಾಯ ಊರು ಚಿಕ್ಕದಾದಷ್ಟೂ ಹೆಚ್ಚು. ಐದು ವರ್ಷಕ್ಕೆ 30 ಗಂಟೆಯಷ್ಟಾದರೂ ಮುಂದುವರಿದ ಕಲಿಕೆ ಆಗಬೇಕೆಂದು 2002ರ ವೈದ್ಯ ನಡಾವಳಿಯ ನಿಯಮಗಳು ಹೇಳಿದವು. ನೋಂದಣಿ ನವೀಕರಿಸಲು ಕರ್ನಾಟಕ ವೈದ್ಯಕೀಯ ಪರಿಷತ್ತೂ ಅದನ್ನು ಕೇಳುತ್ತದೆ. ಆದರೆ ಆ ಗಂಟೆಗಳು ತುಂಬುವುದು ಎಲ್ಲಿ? ಹೆಚ್ಚಿನ ಪಾಲು ಸಂಘಗಳ ಸಭೆಗಳಲ್ಲಿ. ಪ್ರಸೂತಿ ತಜ್ಞರ ರಾಷ್ಟ್ರೀಯ ಒಕ್ಕೂಟ ಫಾಗ್ಸಿ ಹುಟ್ಟಿದ್ದು 1950ರಲ್ಲಿ, ಮದರಾಸಿನಲ್ಲಿ. ಮಕ್ಕಳ ವೈದ್ಯರ ಅಕಾಡೆಮಿ 1963ರದು. ಎಲ್ಲಕ್ಕೂ ಹಿರಿಯದಾದ ಭಾರತೀಯ ವೈದ್ಯಕೀಯ ಸಂಘ 1928ರದು. ಇವು ರಾಜ್ಯ ಶಾಖೆ, ಜಿಲ್ಲಾ ಶಾಖೆ ಎಂದು ಕವಲೊಡೆದು, ಕೊನೆಯ ಕವಲು ಈ ಕಾರಿನ ಡಿಕ್ಕಿಗೆ ಬಂದು ನಿಂತಿತ್ತು.

ಜಾವಗಲ್ಲಿನಲ್ಲಿ ಇಡ್ಲಿ ತಿಂದೆವು. ನನ್ನ ತಾಯಿಯ ತವರು ಇಲ್ಲಿಂದ ಒಂದು ಹರದಾರಿ. ಆ ದಾರಿಯ ತಿರುವು ಬಂದಾಗ ನಾನು ಮಾತು ನಿಲ್ಲಿಸಿದ್ದನ್ನು ಡಾಕ್ಟ್ರಮ್ಮ ಗಮನಿಸಿರಬೇಕು. ಹೇಳಿದೆ. ನಾನು ಏಳನೇ ತರಗತಿಯಲ್ಲಿದ್ದಾಗ ನನ್ನ ಚಿಕ್ಕಮ್ಮ ಎರಡನೇ ಹೆರಿಗೆಗೆ ಆಸ್ಪತ್ರೆಗೆ ಹೋದವಳು ತಿರುಗಿ ಬರಲಿಲ್ಲ. ಮಗು ಬಂತು. "ರಕ್ತ ಹೋಯ್ತಂತೆ" ಎಂದು ದೊಡ್ಡವರು ಪಿಸುಗುಟ್ಟಿದರು. ಎಷ್ಟು ಹೋಯಿತು, ಯಾಕೆ ಹೋಯಿತು, ಯಾರು ನೋಡುತ್ತಿದ್ದರು, ಯಾವಾಗ ನೋಡಿದರು, ಒಂದನ್ನೂ ನಮ್ಮಜ್ಜನಿಗೆ ಯಾರೂ ಹೇಳಲಿಲ್ಲ. ಅಜ್ಜನೂ ಕೇಳಲಿಲ್ಲ. ಕೇಳಬಹುದು ಎಂಬುದೇ ಅವರಿಗೆ ತಿಳಿದಿರಲಿಲ್ಲ.

ಡಾಕ್ಟ್ರಮ್ಮ ಸ್ವಲ್ಪ ದೂರ ಸುಮ್ಮನೆ ಗಾಡಿ ಓಡಿಸಿದರು.

ಹಳೇಬೀಡಿನಲ್ಲಿ ಕೆರೆಯ ಏರಿ ಹತ್ತಿರ ಒಬ್ಬ ಸಿಸ್ಟರ್ ಕಾಯುತ್ತಿದ್ದಳು. ದ್ವಾರಸಮುದ್ರದ ಕೆರೆಯ ಮೇಲೆ ಬಿಸಿಲು ಆಗತಾನೇ ಬಿದ್ದು ನೀರುಕೋಳಿಗಳು ಅತ್ತಿತ್ತ ಓಡುತ್ತಿದ್ದವು. ಪ್ರವಾಸಿ ಬಸ್ಸುಗಳು ಬರುವ ಹೊತ್ತು ಇನ್ನೂ ಆಗಿರಲಿಲ್ಲ. ಬೇಲೂರು, ಹಳೇಬೀಡು, ಸೋಮನಾಥಪುರದ ಗುಡಿಗಳು 2023ರಲ್ಲಿ ವಿಶ್ವ ಪರಂಪರೆಯ ಪಟ್ಟಿ ಸೇರಿದ ಮೇಲೆ ಇಲ್ಲಿ ಜನ ಹೆಚ್ಚಿದ್ದಾರೆ. ಸಿಸ್ಟರಿಗೆ ಇಪ್ಪತ್ತೆಂಟು ವರ್ಷವಿರಬಹುದು. ಸುತ್ತಲಿನ ಹಳ್ಳಿಗಳ ಹೆರಿಗೆಗಳಿಗೆ ಅವಳೇ ಮೊದಲ ಕೈ. ಹಿಂದಿನ ಸೀಟಿನಲ್ಲಿ ಕೂತು, ಬ್ಯಾಗು ತೊಡೆಯ ಮೇಲಿಟ್ಟುಕೊಂಡು, "ಮೇಡಂ, ಎಲ್ಲಾರ ಮುಂದೆ ಮಾಡಿ ತೋರ್ಸು ಅಂದ್ರೆ ನನ್ಗೆ ಕೈ ನಡುಗ್ತದೆ," ಎಂದಳು.

"ಅದಕ್ಕೇ ಕರ್ಕೊಂಡು ಹೋಗ್ತಿರೋದಮ್ಮ. ಇಲ್ಲಿ ನಡುಗಲಿ. ಅಲ್ಲಿ ನಡುಗಬಾರದು."

ಬೇಲೂರಿನ ಆ ಸಭಾಂಗಣ ಮದುವೆ, ನಾಮಕರಣಗಳಿಗೆ ಕೊಡುವಂಥದು. ಹಿಂದಿನ ದಿನದ ಬಲೂನೊಂದು ಇನ್ನೂ ಫ್ಯಾನಿಗೆ ಜೋತುಬಿದ್ದಿತ್ತು. ಮೂವತ್ತೈದು ನಲವತ್ತು ಜನ: ತಾಲ್ಲೂಕು ಆಸ್ಪತ್ರೆಗಳ ವೈದ್ಯರು, ಸ್ವಂತ ನರ್ಸಿಂಗ್ ಹೋಂ ಇರುವವರು, ಹಾಸನದ ವೈದ್ಯಕೀಯ ಕಾಲೇಜಿನಿಂದ ಬಂದ ಇಬ್ಬರು ಯುವಕರು, ಹಿಂದಿನ ಸಾಲುಗಳಲ್ಲಿ ನರ್ಸುಗಳು. ಡಾಕ್ಟ್ರಮ್ಮ ಮಾಡಿದ ಮೊದಲ ಕೆಲಸವೆಂದರೆ ಕುರ್ಚಿಗಳನ್ನು ಸಾಲಿನಿಂದ ಎಳೆಸಿ ಸುತ್ತ ಹಾಕಿಸಿದ್ದು. ಹಿಂದಿನ ಸಾಲು ಎಂಬುದೇ ಇಲ್ಲದಂತಾಯಿತು.

ಆಮೇಲೆ ಬಕೆಟ್ಟಿಗೆ ನೀರು, ನೀರಿಗೆ ಕೆಂಪು ಪುಡಿ. ಮೇಜಿನ ಮೇಲೆ ಹತ್ತಿ, ಹಳೆ ಸೀರೆಯ ತುಂಡು. ಅಳತೆ ಜಗ್ಗಿನಿಂದ ಅವರು ಬಟ್ಟೆಯ ಮೇಲೆ ನೀರು ಸುರಿಯುತ್ತ ಹೋದರು. ಹತ್ತಿ ಹೀರಿತು, ಬಟ್ಟೆ ಹೀರಿತು, ಉಳಿದದ್ದು ಮೇಜಿನ ಅಂಚಿನಿಂದ ಹನಿಹನಿಯಾಗಿ ನೆಲಕ್ಕೆ.

"ಎಷ್ಟು ಹೋಗಿದೆ ಹೇಳಿ."

ಇನ್ನೂರು ಎಂದರು ಒಬ್ಬರು. ಇನ್ನೂರೈವತ್ತು. ಮುನ್ನೂರು ಮಿಲಿ ಇರಬಹುದು ಎಂದರು ನರೆತ ತಲೆಯ ಹಿರಿಯರೊಬ್ಬರು. ಹಳೇಬೀಡಿನ ಸಿಸ್ಟರ್ ಮೆಲ್ಲಗೆ "ನಾನೂರು" ಎಂದಳು. ಡಾಕ್ಟ್ರಮ್ಮ ಖಾಲಿ ಜಗ್ಗನ್ನು ಎತ್ತಿ ಹಿಡಿದರು. ಸುರಿದದ್ದು ಆರುನೂರು ಮಿಲಿ.

ಕೋಣೆಯಲ್ಲಿ ಸದ್ದಿರಲಿಲ್ಲ. ಅಲ್ಲಿದ್ದವು ಒಟ್ಟು ಸೇರಿ ಸಾವಿರಾರು ಹೆರಿಗೆ ನೋಡಿದ ಕಣ್ಣುಗಳು.

ಈಗ ಆ ಪಾರದರ್ಶಕ ಹಾಳೆ ಬಿಚ್ಚಿದರು. ನೋಡಲು ಏನೂ ಅಲ್ಲ. ತಾಯಿಯ ಸೊಂಟದ ಕೆಳಗೆ ಹಾಸುವ ಪ್ಲಾಸ್ಟಿಕ್ಕು. ಅದರ ತುದಿ ಕೆಳಕ್ಕೆ ಇಳಿಬಿದ್ದು ಆಲಿಕೆಯಂತೆ ಕಿರಿದಾಗುವ ಚೀಲ. ಚೀಲದ ಮೇಲೆ ಅಳತೆಯ ಗೆರೆಗಳು. ಹೆರಿಗೆಯಾದ ಮೇಲೆ ಹೋಗುವ ರಕ್ತವೆಲ್ಲ ಅದರೊಳಗೆ ಇಳಿಯುತ್ತದೆ. ಗೆರೆ ಮುಟ್ಟಿತೋ ಇಲ್ಲವೋ ಎಂದು ಯಾರು ಬೇಕಾದರೂ ಹೇಳಬಹುದು. ಪ್ರೊಫೆಸರೇ ಬೇಕಿಲ್ಲ.

ಇಂಥ ಚೀಲದ ಕಥೆಯಲ್ಲಿ ನಮ್ಮ ಬೆಳಗಾವಿಗೆ ದೊಡ್ಡ ಪಾಲಿದೆ. ಅಲ್ಲಿನ ಜವಾಹರಲಾಲ್ ನೆಹರು ವೈದ್ಯಕೀಯ ಕಾಲೇಜಿನವರು ಅಮೆರಿಕದ ಸಂಶೋಧಕರ ಜೊತೆ ಸೇರಿ ಜಿಲ್ಲೆಯ ಹಳ್ಳಿಗಳಲ್ಲಿ 1620 ಹೆರಿಗೆಗಳನ್ನು ಅಧ್ಯಯನ ಮಾಡಿದರು. ಹೆರಿಗೆ ಮಾಡಿಸಿದವರು ಹಳ್ಳಿಯ ನರ್ಸಮ್ಮಂದಿರು. ಕೊಟ್ಟದ್ದು ಬಾಯಿಂದ ನುಂಗುವ ಮಿಸೊಪ್ರೊಸ್ಟಾಲ್ ಮಾತ್ರೆ. ರಕ್ತ ಅಳೆಯಲು ಅವರೇ ರೂಪಿಸಿದ ಗೆರೆಯ ಹಾಳೆ. ಆ ಔಷಧ ಪಡೆಯದವರಲ್ಲಿ ಅತಿ ರಕ್ತಸ್ರಾವ ಶೇ. 12 ಇತ್ತು, ಪಡೆದವರಲ್ಲಿ ಶೇ. 6.4. 2006ರಲ್ಲಿ ಲ್ಯಾನ್ಸೆಟ್ ಅದನ್ನು ಪ್ರಕಟಿಸಿತು. 2011ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಆ ಮಾತ್ರೆಯ ಈ ಬಳಕೆಯನ್ನು ಅಗತ್ಯ ಔಷಧಗಳ ಪಟ್ಟಿಗೆ ಸೇರಿಸಿತು. ಕಣ್ಣಂದಾಜು ನಿಜವಾದ ಅಳತೆಗಿಂತ ಮೂರರಲ್ಲಿ ಒಂದು ಪಾಲು ಕಡಿಮೆ ಬರುತ್ತದೆ ಎಂಬುದನ್ನೂ ಅದೇ ಹಾಳೆ ತೋರಿಸಿಕೊಟ್ಟಿತು. ಆಮೇಲೆ ಆಫ್ರಿಕಾದ ನಾಲ್ಕು ದೇಶಗಳ 80 ಆಸ್ಪತ್ರೆಗಳಲ್ಲಿ, ಎರಡು ಲಕ್ಷಕ್ಕೂ ಹೆಚ್ಚು ಹೆರಿಗೆಗಳಲ್ಲಿ, ಗೆರೆಯ ಹಾಳೆ ಹಾಸಿ, ಗೆರೆ ಮುಟ್ಟಿದ ಕೂಡಲೇ ಎಲ್ಲ ಚಿಕಿತ್ಸೆಯನ್ನೂ ಒಟ್ಟಿಗೇ ಶುರುಮಾಡಿ ನೋಡಿದರು. ತೀವ್ರ ರಕ್ತಸ್ರಾವ ಮತ್ತು ಅದರ ಅನಾಹುತಗಳು ಶೇ. 60ರಷ್ಟು ಕಡಿಮೆಯಾದವು. ಅದು 2023ರ ಸುದ್ದಿ.

2025ರ ಅಕ್ಟೋಬರಿನಲ್ಲಿ ವಿಶ್ವ ಆರೋಗ್ಯ ಸಂಸ್ಥೆ, ಪ್ರಸೂತಿ ತಜ್ಞರ ಜಾಗತಿಕ ಒಕ್ಕೂಟ, ಸೂಲಗಿತ್ತಿಯರ ಜಾಗತಿಕ ಒಕ್ಕೂಟ ಮೂರೂ ಸೇರಿ ಹೊಸ ಮಾತು ಹೇಳಿದವು: 500 ಮಿಲಿ ಆಗುವ ತನಕ ಕಾಯಬೇಡಿ, 300 ದಾಟಿ ನಾಡಿಯೋ ಬಿಪಿಯೋ ಏರುಪೇರಾದರೆ ಆಗಲೇ ಕೈಹಾಕಿ. ಇಲ್ಲಿ ಕೂತಿದ್ದವರೆಲ್ಲ ಕಾಲೇಜಿನಲ್ಲಿ ಐನೂರು ಎಂದೇ ಬಾಯಿಪಾಠ ಮಾಡಿದವರು. ಐನೂರು ಎಂದೇ ಬರೆದು ಪಾಸಾದವರು. ಇನ್ನು ಮುನ್ನೂರಕ್ಕೇ ಎಚ್ಚರ ಎಂದು ಅರಸೀಕೆರೆಗೆ, ಹಳೇಬೀಡಿಗೆ ಬಂದು ಹೇಳುವವರು ಯಾರು? ಆದೇಶ ಕಾಗದದಲ್ಲಿ ಬರುತ್ತದೆ, ಫೈಲಿಗೆ ಹೋಗುತ್ತದೆ. ಕೈಗೆ ಕಲಿಸಲು ಇನ್ನೊಂದು ಕೈಯೇ ಬೇಕು.

ಮುಂದೆ ಕೂಸುಗಳ ಸರದಿ. ಗೊಂಬೆಯೊಳಗೆ ನೀರು ತುಂಬಿದ್ದರಿಂದ ಅದಕ್ಕೆ ನಿಜವಾದ ಹಸುಗೂಸಿನ ತೂಕ, ಅದೇ ಜೋಲುವ ಕತ್ತು. ನಳಿಕೆಯ ಕೊನೆಯಲ್ಲಿರುವ ಪುಟ್ಟ ರಬ್ಬರ್ ಬುರುಡೆ ಒತ್ತಿದರೆ ಅದರ ಹೊಕ್ಕಳಬಳ್ಳಿ ಮಿಡಿಯುತ್ತದೆ. ಇನ್ನೊಂದನ್ನು ಒತ್ತಿದರೆ ಎದೆ ಏಳುತ್ತದೆ. ಒತ್ತದಿದ್ದರೆ ಕೂಸು ಉಸಿರಾಡುವುದಿಲ್ಲ. ಮಕ್ಕಳ ವೈದ್ಯರ ಅಕಾಡೆಮಿ 2009ರಲ್ಲಿ ಆರಂಭಿಸಿದ ತರಬೇತಿಯ ಹೆಸರೇ ಮೊದಲ ಚಿನ್ನದ ನಿಮಿಷ. ಅಳದೆ ಹುಟ್ಟಿದ ಕೂಸಿಗೆ ಆ ಅರವತ್ತು ಸೆಕೆಂಡಿನೊಳಗೆ ಉಸಿರು ಕೊಡಬೇಕು.

ಸಿಸ್ಟರನ್ನು ಕರೆದರು. ಕೈ ನಡುಗಿತು. ಒರೆಸಿದಳು, ಬೆನ್ನು ತೀಡಿದಳು, ಕೂಸು ಅಳಲಿಲ್ಲ. ಮುಖಕ್ಕೆ ಮಾಸ್ಕ್ ಇಟ್ಟು ಗಾಳಿಚೀಲ ಒತ್ತಿದಳು. ಎದೆ ಏಳಲಿಲ್ಲ. ಮತ್ತೆ ಒತ್ತಿದಳು. ಇಲ್ಲ. ಸುತ್ತ ಕೂತವರ ಕಣ್ಣೆಲ್ಲ ಅವಳ ಬೆರಳ ಮೇಲೆ. ಗಡಿಯಾರ ನಲವತ್ತು ಸೆಕೆಂಡು ದಾಟಿತ್ತು. ಡಾಕ್ಟ್ರಮ್ಮ ಬಾಯಿ ಬಿಡಲಿಲ್ಲ, ಅವಳ ಹಿಂದೆ ಬಗ್ಗಿ ಕೂಸಿನ ಗಲ್ಲವನ್ನು ಒಂದು ಬೆರಳಿನಿಂದ ಸ್ವಲ್ಪವೇ ಮೇಲೆತ್ತಿದರು. ಕತ್ತು ಮಡಿಚಿಕೊಂಡಿತ್ತು, ಅಷ್ಟೇ.

"ಹೂವು ಮೂಸೋ ಹಾಗೆ ಇರ್ಬೇಕು ತಲೆ. ನೋಡು. ಈಗ ಒತ್ತು. ಎರಡು, ಮೂರು. ಒತ್ತು. ಎರಡು, ಮೂರು."

ಎದೆ ಎದ್ದಿತು. ರಬ್ಬರಿನ ಎದೆ. ನನ್ನ ಪಕ್ಕದಲ್ಲಿದ್ದ ನರ್ಸು ಸೆರಗಿನಿಂದ ಕಣ್ಣೊತ್ತಿಕೊಂಡಳು. ಅವಳಿಗೆ ಯಾವ ರಾತ್ರಿ ನೆನಪಾಯಿತೋ.

ಮಧ್ಯಾಹ್ನದ ಊಟಕ್ಕೆ ಮುಂಚೆ ನಡೆದದ್ದನ್ನು ನಾನು ಮರೆಯಲಾರೆ. ರಕ್ತ ಮುನ್ನೂರು ಇರಬಹುದು ಎಂದಿದ್ದ ಆ ನರೆತ ತಲೆಯ ಹಿರಿಯರು ಎದ್ದು ನಿಂತರು. ಸಭೆಗಳಲ್ಲಿ ಅವರಿಗೆ ಶಾಲು ಹೊದಿಸುತ್ತಾರೆ, ಅಂಥ ಹಿರಿತನ. ತಾನೊಂದು ಕೇಸು ಹೇಳುತ್ತೇನೆ ಎಂದರು. ಹಲವು ವರ್ಷದ ಹಿಂದಿನದು. ಮೂರನೇ ಹೆರಿಗೆ, ಸಲೀಸಾಗಿ ಆಯಿತು, ಕಸವೂ ಬಿತ್ತು. ಹೊರಗೆ ಪೇಷೆಂಟುಗಳು ಕಾಯುತ್ತಿದ್ದರು, ಹೋದರು. ರಕ್ತ ಭೋರೆಂದು ಹೋಗಲಿಲ್ಲ, ಸಣ್ಣಗೆ ಸೋರುತ್ತಲೇ ಇತ್ತು, ಕೆಳಗೆ ಹಾಸಿದ ಬಟ್ಟೆ ಕುಡಿಯುತ್ತಲೇ ಇತ್ತು. ಒಂದು ಗಂಟೆಯ ಮೇಲೆ ಆಯಾ ಬಂದು, ಬಾಣಂತಿ ಆಕಳಿಸ್ತಾವ್ಳೆ, ಬಾಯಾರ್ಕೆ ಅಂತಾವ್ಳೆ ಎಂದಳು. ಹಾಸನದ ದಾರಿಯಲ್ಲಿ ಹೋಯಿತು ಜೀವ.

ಹಾಸನದಿಂದ ಬಂದಿದ್ದ ಯುವಕನೊಬ್ಬ ಕೈ ಎತ್ತಿದ. "ಸರ್, ಹೆರಿಗೆ ಆದ್ಮೇಲೆ ಪಲ್ಸ್ ಎಷ್ಟು ನಿಮಿಷಕ್ಕೊಂದ್ಸಲ ನೋಡ್ತಿದ್ರು?"

ಮೊಮ್ಮಗನ ವಯಸ್ಸಿನ ಹುಡುಗ. ಪ್ರಶ್ನೆಯಲ್ಲಿ ಉದ್ಧಟತನವಿರಲಿಲ್ಲ, ಆದರೆ ಅದು ನೇರವಾಗಿ ಹೋಗಿ ನೆಟ್ಟಿತು. ಹಿರಿಯರು ಕನ್ನಡಕ ತೆಗೆದು ಒರೆಸಿಕೊಂಡರು.

"ನೋಡ್ತಿರಲಿಲ್ಲಪ್ಪ," ಎಂದರು. "ಅದೇ ನನ್ನ ತಪ್ಪು. ನೀವು ಹಾಗೆ ಮಾಡಬಾರದು ಅಂತಲೇ ಹೇಳಿದೆ."

ಒಬ್ಬ ತಜ್ಞ ತನ್ನ ಸರೀಕರೆದುರು ಹೀಗೆ ನಿಲ್ಲಬಹುದಾದ ಜಾಗ ಬೇರೆ ಎಲ್ಲಿದೆ? ಕೋರ್ಟಿನಲ್ಲಿ ನಿಂತರೆ ವಕೀಲರು ಮಾತಾಡುತ್ತಾರೆ. 1995ರಲ್ಲಿ ಸುಪ್ರೀಂ ಕೋರ್ಟ್ ವೈದ್ಯರನ್ನು ಗ್ರಾಹಕ ಕಾಯ್ದೆಯ ವ್ಯಾಪ್ತಿಗೆ ತಂದದ್ದು ರೋಗಿಗಳಿಗೆ ದೊಡ್ಡ ಆಸರೆ. ಆ ತೀರ್ಪು ಬಂದದ್ದೂ ವೈದ್ಯಕೀಯ ಸಂಘವೇ ಕಕ್ಷಿಯಾಗಿದ್ದ ಮೊಕದ್ದಮೆಯಲ್ಲಿ. ಆದರೆ ಕೋರ್ಟು ಯಾರ ತಪ್ಪು ಎಂದು ಕೇಳುತ್ತದೆ. ಯಾಕೆ ತಪ್ಪಾಯಿತು, ಮುಂದಿನ ಬಾಣಂತಿಗೆ ಏನು ಮಾಡಬೇಕು ಎಂದು ಕೇಳಲು ಸರೀಕರ ಕೋಣೆ ಬೇಕು.

ಪಕ್ಕದ ಕೇರಳದಲ್ಲಿ ಇದನ್ನು ಸಂಘವೊಂದು ವ್ಯವಸ್ಥೆಯಾಗಿಯೇ ಕಟ್ಟಿತು. ಅಲ್ಲಿನ ಪ್ರಸೂತಿ ತಜ್ಞರ ಒಕ್ಕೂಟ 2004ರಲ್ಲಿ ತಾಯಂದಿರ ಸಾವಿನ ಗೋಪ್ಯ ವಿಮರ್ಶೆ ಆರಂಭಿಸಿತು. ಡಾ. ವಿ. ಪಿ. ಪೈಲಿ ಅದರ ಮುಂದಾಳು. ಇಂಗ್ಲೆಂಡಿನಲ್ಲಿ 1952ರಿಂದ ನಡೆದುಬಂದ ಕ್ರಮವೇ ಮಾದರಿ. ಸತ್ತ ತಾಯಿಯ ಕೇಸ್ ಶೀಟಿನಿಂದ ಆಕೆಯ ಹೆಸರು, ಡಾಕ್ಟರ ಹೆಸರು, ಆಸ್ಪತ್ರೆಯ ಹೆಸರು ಎಲ್ಲವನ್ನೂ ಅಳಿಸಿ, ಅನುಭವಿ ತಜ್ಞರು ಕೂತು ಓದುತ್ತಾರೆ. ಎಲ್ಲಿ ತಡವಾಯಿತು, ಯಾವುದು ಕಣ್ಣಿಗೆ ಬೀಳಲಿಲ್ಲ, ಯಾವ ಔಷಧ ಕೈಗೆಟುಕಲಿಲ್ಲ. ಹಾಗೆ ಕಂಡದ್ದನ್ನು ಪುಸ್ತಕವಾಗಿ ಎಲ್ಲರಿಗೂ ಹಂಚಿ, ಅದರ ಮೇಲೇ ತರಬೇತಿಗಳನ್ನು ಕಟ್ಟಿದರು. 2004–06ರಲ್ಲಿ ಲಕ್ಷ ಜನನಕ್ಕೆ ಕೇರಳದಲ್ಲಿ 95 ತಾಯಂದಿರು ಸಾಯುತ್ತಿದ್ದರು. 2018–20ರ ಹೊತ್ತಿಗೆ 19. ಕಾಸರಗೋಡಿನ ನಮ್ಮ ಕನ್ನಡದ ಬಾಣಂತಿಯರೂ ಆ ಲೆಕ್ಕದಲ್ಲೇ ಬರುತ್ತಾರೆ. ಕರ್ನಾಟಕದಲ್ಲಿ ಅದೇ ಅವಧಿಯಲ್ಲಿ 213ರಿಂದ 69ಕ್ಕೆ ಇಳಿಯಿತು. ಇದೆಲ್ಲ ಸಂಘಗಳಿಂದಲೇ ಆಯಿತೆಂದು ನಾನು ಹೇಳುತ್ತಿಲ್ಲ. ಆಂಬ್ಯುಲೆನ್ಸು, ಆಶಾ ಕಾರ್ಯಕರ್ತೆಯರು, ಆಸ್ಪತ್ರೆ ಹೆರಿಗೆ, ಹೆಣ್ಣುಮಕ್ಕಳ ಓದು ಎಲ್ಲವೂ ಸೇರಿವೆ. ಆದರೆ ಉಳಿದ ಸಾವುಗಳನ್ನು ಇಳಿಸಲು ಕಟ್ಟಡ ಸಾಲದು. ಆ ಕೇಸ್ ಶೀಟುಗಳನ್ನು ಯಾರಾದರೂ ಮನಸ್ಸಿಟ್ಟು ಓದಬೇಕು.

ಊಟಕ್ಕೆ ಮುದ್ದೆ, ಅವರೆಕಾಳು ಸಾರು. ಎಲೆ ಮುಂದೆ ಕೂತಾಗ ಡಾಕ್ಟ್ರಮ್ಮನನ್ನು ನೇರವಾಗಿ ಕೇಳಿದೆ. ಸಂಘ ಎಂದರೆ ಇದೊಂದೇ ಅಲ್ಲವಲ್ಲ? ಔಷಧ ಕಂಪನಿಯ ಬ್ಯಾನರಿನ ಕೆಳಗೆ, ದೊಡ್ಡ ಹೋಟೆಲಿನಲ್ಲಿ, ಅರ್ಧ ದಿನ ಸನ್ಮಾನದಲ್ಲೇ ಮುಗಿಯುವ ಸಮ್ಮೇಳನಗಳೂ ಇವೆಯಲ್ಲ? 2017ರ ನವೆಂಬರಿನಲ್ಲಿ ಖಾಸಗಿ ಆಸ್ಪತ್ರೆ ಕಾಯ್ದೆಯ ತಿದ್ದುಪಡಿ ವಿರುದ್ಧ ರಾಜ್ಯವಿಡೀ ಮುಷ್ಕರವಾದಾಗ ಬಾಗಿಲ ಮುಂದೆ ಕಾದವರು ರೋಗಿಗಳಲ್ಲವೇ?

ಅವರು ತಪ್ಪಿಸಿಕೊಳ್ಳಲಿಲ್ಲ. "ಇವೆ. ಹಕ್ಕಿಗೆ ಅಂದ್ರೆ ಸಾವಿರ ಜನ ಸೇರ್ತೀವಿ. ಕಲಿಯೋಕೆ ಅಂದ್ರೆ ನಲವತ್ತು. ಈ ನಲವತ್ತನ್ನ ನಾನೂರು ಮಾಡ್ಬೇಕು, ಅದೇ ಕೆಲಸ." ಆಮೇಲೆ ಫಾಗ್ಸಿಯ ಮಾನ್ಯತಾ ಯೋಜನೆಯ ಬಗ್ಗೆ ಹೇಳಿದರು. ಖಾಸಗಿ ಹೆರಿಗೆ ಆಸ್ಪತ್ರೆಗಳಿಗೆ 16 ಮಾನದಂಡಗಳು. ಹೊರಗಿನವರು ಬಂದು ನೋಡಿ ಪಾಸು ಫೇಲು ಹೇಳುತ್ತಾರೆ. ತನ್ನ ಕೆಲಸವನ್ನು ಇನ್ನೊಬ್ಬರು ಬಂದು ಅಳೆಯಲಿ ಎಂದು ತಾನಾಗಿ ಒಪ್ಪುವುದು ಸುಲಭವಲ್ಲ. ಎಂಬಿಬಿಎಸ್ ವೈದ್ಯರಿಗೆ ಸಿಸೇರಿಯನ್ ಕಲಿಸುವ 16 ವಾರಗಳ ತುರ್ತು ಪ್ರಸೂತಿ ತರಬೇತಿಯನ್ನು ಸರ್ಕಾರದೊಂದಿಗೆ ಸೇರಿ ಕಟ್ಟಿದ್ದೂ ಇದೇ ಒಕ್ಕೂಟ. ತಜ್ಞರಷ್ಟೇ ಮಾಡಬೇಕಾದ ಕೆಲಸವನ್ನು ಬೇರೆಯವರಿಗೆ ಬಿಟ್ಟುಕೊಡುವುದೇ ಎಂಬ ಗೊಣಗಾಟ ಒಳಗೇ ಇತ್ತು. ತಜ್ಞರಿಲ್ಲದ ಊರಿನ ಬಸುರಿಯ ಕಡೆಯಿಂದ ನೋಡಿದರೆ ಆ ಗೊಣಗಾಟಕ್ಕೆ ಯಾವ ಅರ್ಥವೂ ಇಲ್ಲ ಎಂದು ನನಗೆ ಅನಿಸುತ್ತದೆ.

ಸಂಜೆ ನಾಲ್ಕಕ್ಕೆ ತರಬೇತಿ ಮುಗಿಯಿತು. ಗುಡಿ ಹತ್ತೇ ನಿಮಿಷದ ದಾರಿ. ಮೂವರೂ ನಡೆದೇ ಹೋದೆವು. 1117ರಲ್ಲಿ ವಿಷ್ಣುವರ್ಧನ ಪ್ರತಿಷ್ಠೆ ಮಾಡಿಸಿದ ಚೆನ್ನಕೇಶವನ ಅಂಗಳದಲ್ಲಿ ಬಳಪದ ಕಲ್ಲು ಇಳಿಬಿಸಿಲಿಗೆ ಬೆಣ್ಣೆಯ ಬಣ್ಣಕ್ಕೆ ತಿರುಗಿತ್ತು. ಸೂರಿನ ಕೆಳಗಿನ ಮದನಿಕೆಯರನ್ನು ಎಲ್ಲರೂ ನೋಡುತ್ತಾರೆ. ಪೀಠದಲ್ಲಿ ಕೊರೆದ ಸಣ್ಣ ಅಕ್ಷರಗಳತ್ತ ಕಣ್ಣು ಹಾಯಿಸುವವರು ಕಡಿಮೆ. ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ. ಕೆತ್ತಿದವನ ಹೆಸರು, ತಂದೆಯ ಹೆಸರು, ಊರು, ಜೊತೆಗೆ ಬಿರುದು. ಎದುರಾಳಿ ರೂವಾರಿಗಳನ್ನು ಮಣಿಸಿದವನು ಎಂಬಂಥ ಬಿರುದುಗಳೂ ಇವೆ. ಕೆಲಸದ ಕೆಳಗೆ ಹೆಸರಿದ್ದರೆ ಹೊಗಳಿಕೆ ಮಾತ್ರವಲ್ಲ, ಹೊಣೆಯೂ ಅಲ್ಲೇ ನಿಲ್ಲುತ್ತದೆ. ಸುತ್ತ ಕೂತು ಉಳಿ ಹಿಡಿದವರೆಲ್ಲ ಅದನ್ನು ನೋಡುವವರೇ, ತೂಗುವವರೇ.

ಪಕ್ಕದ ಕಪ್ಪೆ ಚೆನ್ನಿಗರಾಯನ ಗುಡಿಯ ಮುಂದೆ ಸಿಸ್ಟರ್ ನಿಂತಳು. "ಮೇಡಂ, ಇದೇ ಅಲ್ವಾ ಜಕಣಾಚಾರಿದು?"

ಕನ್ನಡದ ಮಕ್ಕಳಿಗೆಲ್ಲ ಗೊತ್ತಿರುವ ಐತಿಹ್ಯ. ವಿಗ್ರಹದ ಕಲ್ಲಿನಲ್ಲಿ ದೋಷವಿದೆ ಎಂದು ಗುರುತಿಲ್ಲದ ಹುಡುಗನೊಬ್ಬ ತುಂಬಿದ ಸಭೆಯಲ್ಲಿ ಹೇಳುತ್ತಾನೆ. ದೋಷ ತೋರಿಸಿದರೆ ಬಲಗೈ ಕಡಿದುಕೊಳ್ಳುತ್ತೇನೆ ಎಂದು ಜಕಣಾಚಾರಿ ಪಣ ತೊಡುತ್ತಾನೆ. ಮೂರ್ತಿಗೆಲ್ಲ ಗಂಧ ಬಳಿಯುತ್ತಾರೆ. ಎಲ್ಲ ಕಡೆ ಒಣಗುತ್ತದೆ, ಹೊಕ್ಕುಳ ಬಳಿ ಮಾತ್ರ ಒದ್ದೆ. ಉಳಿಯಿಂದ ತಟ್ಟಿದರೆ ನೀರು, ಮರಳು, ಕಪ್ಪೆ. ಮಾತಿನಂತೆ ಕೈ ಹೋಗುತ್ತದೆ. ಹುಡುಗ ಅವನದೇ ಮಗ ಡಂಕಣ ಎಂದು ಆಮೇಲೆ ತಿಳಿಯುತ್ತದೆ.

ಡಾಕ್ಟ್ರಮ್ಮ ಕಲ್ಲಿನ ಮೆಟ್ಟಿಲ ಮೇಲೆ ಕೂತರು. "ಚಿಕ್ಕವಳಿದ್ದಾಗ ಈ ಕಥೆ ಕೇಳಿದ್ರೆ ಕೈ ಹೋಯ್ತಲ್ಲ ಅಂತ ಅಳು ಬರೋದು. ಈಗ ಬೇರೇನೇ ಅನಿಸುತ್ತೆ. ಹುಡುಗ ಹೇಳಿದ್ದು ಸರಿ. ಗಂಧ ಬಳಿದು ನೋಡಿದ್ದೂ ಸರಿ. ಕೈ ಯಾಕೆ ಕಡೀಬೇಕಿತ್ತು? ತಪ್ಪು ಕಂಡ್ರೆ ಕೈ ಹೋಗುತ್ತೆ ಅಂದ್ರೆ ಯಾರೂ ಗಂಧ ಬಳಿಯೋಕೇ ಬಿಡಲ್ಲ. ಇವತ್ತು ನಮ್ಮ ಸೀನಿಯರ್ ಸರ್ ಗಂಧ ಬಳಿಸಿಕೊಂಡ್ರು. ಎಷ್ಟೋ ವರ್ಷದಿಂದ ಒದ್ದೆ ಇತ್ತು ಆ ಜಾಗ."

ನನ್ನೊಳಗೆ ಬೆಳಗಿನಿಂದ ಕಾಯುತ್ತಿದ್ದ ಮಾತು ಆಗ ಹೊರಬಂತು. ಕೋಣೆಯ ಬಾಗಿಲು ಮುಚ್ಚಿ ನೀವು ನಿಮ್ಮನಿಮ್ಮಲ್ಲಿ ಹೇಳಿಕೊಳ್ಳುತ್ತೀರಿ. ಮುಂದಿನ ತಾಯಿ ಉಳಿಯುತ್ತಾಳೆ, ಒಪ್ಪಿದೆ. ಹಾಸನದ ದಾರಿಯಲ್ಲಿ ಹೋದ ಆಕೆಯ ಮನೆಯವರಿಗೆ? ನಮ್ಮಜ್ಜನಿಗೆ?

ಅವರು ತುಂಬ ಹೊತ್ತು ಉತ್ತರಿಸಲಿಲ್ಲ. ಗರುಡಗಂಬದ ಕಡೆ ಯಾರದೋ ಮಗು ಪಾರಿವಾಳಗಳ ಹಿಂದೆ ಓಡುತ್ತಿತ್ತು.

"ಹೇಳ್ಬೇಕು," ಎಂದರು ಕೊನೆಗೆ. "ಮನೆಯವರ ಎದುರು ಕೂತು, ಏನಾಯ್ತು, ನಾನೆಲ್ಲಿ ತಡ ಮಾಡಿದೆ ಅಂತ ಹೇಳ್ಬೇಕು. ಅದನ್ನ ನಮಗೆ ಯಾರೂ ಕಲಿಸಿಲ್ಲ. ಹೊಡೀತಾರೆ ಅಂತ ಭಯ, ಕೇಸು ಅಂತ ಭಯ. ರಕ್ತ ನಿಲ್ಲಿಸೋದಕ್ಕೆ ಗೊಂಬೆ ಇಟ್ಟು ಕಲಿಸ್ತೀವಿ. ಇದಕ್ಕೂ ಒಂದು ಭಾನುವಾರ ಇಡ್ಬೇಕು."

ಮರಳಿ ಹೊರಟಾಗ ಕತ್ತಲು ಇಳಿದಿತ್ತು. ಬೇಲೂರಿನಿಂದ ಹಳೇಬೀಡಿಗೆ 16 ಕಿಲೋಮೀಟರು. ಜೋಳದ ಹೊಲಗಳ ಮೇಲೆ ತೆಳ್ಳಗೆ ಮಂಜು ಕಟ್ಟುತ್ತಿತ್ತು. ಸಿಸ್ಟರಿಗೆ ಎರಡು ಗೆರೆಯ ಹಾಳೆ ಕೊಟ್ಟಿದ್ದರು. "ಇವು ಮುಗಿದ್ ಮೇಲೆ ಏನ್ ಮಾಡ್ಲಿ ಮೇಡಂ?" ಎಂದು ಅವಳು ಕೇಳಿದಳು. ಹೊಸವು ಬರುವ ತನಕ ಕಾಯಬೇಡ, ಚೊಕ್ಕವಾದ ಪ್ಲಾಸ್ಟಿಕ್ ಹಾಸಿ ರಕ್ತವನ್ನೆಲ್ಲ ಒಂದು ಪಾತ್ರೆಗೆ ಇಳಿಸು, ಅಳತೆ ಜಗ್ಗಿನಲ್ಲಿ ಮುನ್ನೂರು ನೀರು ಹೊಯ್ದು ಪಾತ್ರೆಗೆ ಮೊದಲೇ ಗೆರೆ ಎಳೆದಿಟ್ಟುಕೋ ಎಂದರು ಡಾಕ್ಟ್ರಮ್ಮ. ಅವಳು ಮೊಬೈಲಿನ ಬೆಳಕಿನಲ್ಲಿ ಅದನ್ನು ಪುಸ್ತಕದಲ್ಲಿ ಬರೆದುಕೊಂಡಳು.

ಆಮೇಲೆ ಹಿಂದಿನ ಸೀಟಿನಿಂದ ಸಣ್ಣ ಸದ್ದು ಕೇಳತೊಡಗಿತು. ತಿರುಗಿ ನೋಡಿದೆ. ಖಾಲಿ ನೀರಿನ ಬಾಟಲಿಯನ್ನು ತೊಡೆಯ ಮೇಲಿಟ್ಟುಕೊಂಡು ಅವಳು ಒತ್ತುತ್ತಿದ್ದಳು, ಬಿಡುತ್ತಿದ್ದಳು. ತುಟಿ ಮಾತ್ರ ಅಲುಗುತ್ತಿತ್ತು. ಒತ್ತು, ಎರಡು, ಮೂರು. ಒತ್ತು, ಎರಡು, ಮೂರು. ಕೆರೆ ಏರಿ ಬರುವ ತನಕ ಅದು ನಿಲ್ಲಲಿಲ್ಲ.